ಬಾವಿಗೆ ಹಾಕಿದ ಡೋಸು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾನಹೊಸಹಳ್ಳಿಯಿಂದ ಕೊಟ್ಟೂರಿನವರೆಗೆ ಇದು ಎಲ್ಲರಿಗೂ ಗೊತ್ತಿರುವ ಮಾತು. ಮಂಡಕ್ಕಿ ಒಗ್ಗರಣೆಗೆ ಉಪ್ಪು ಸಾಲದು ಎಂದ ಲಾರಿ ಡ್ರೈವರಿಗೆ ಸೌಟು ತೋರಿಸಿ ಕಳಿಸಿದವಳು ನಾನು. ಆದರೆ ಈ ಒಂದು ಸಂಗತಿಯಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದು ಇಷ್ಟು ವರ್ಷವಾದರೂ ನನಗೆ ಹೊಳೆದಿಲ್ಲ. ಬಂಕಿನ ಸಾಹುಕಾರನನ್ನು ಬೈದು ನೋಡಿದೆ, ಆ ಓದಿದ ಹುಡುಗನನ್ನು ಬೈದು ನೋಡಿದೆ, ಕೊಟ್ಟೂರೇಶ್ವರನನ್ನೂ ಬಿಡಲಿಲ್ಲ. ಹೊಟ್ಟೆಯೊಳಗಿನ ಸಂಕಟ ಮಾತ್ರ ಅಲ್ಲೇ ಕೂತಿದೆ.

ನಾನು ಅನ್ನದಾನಮ್ಮ. ಹೈವೇ ಕ್ರಾಸಿನಲ್ಲಿ ನನ್ನದೊಂದು ಹೋಟೆಲ್ಲು. ಹೋಟೆಲ್ಲೆಂದರೆ ಭಾರಿ ಏನಲ್ಲ, ತಗಡಿನ ಮಾಡು, ನಾಲ್ಕು ಬೆಂಚು, ಬೆಳಿಗ್ಗೆ ಒಗ್ಗರಣೆ, ಸಂಜೆ ಮಿರ್ಚಿ. ರಸ್ತೆಯ ಈಚೆ ದಿನ್ನೆಯ ಮೇಲೆ ನಾನು, ಆಚೆ ತಗ್ಗಿನಲ್ಲಿ ಪೆಟ್ರೋಲ್ ಬಂಕು. ಬಂಕಿನ ಬೆನ್ನಿಗೆ ಒಂದು ಕೇರಿ. ನನ್ನ ಹಿತ್ತಲಲ್ಲಿ ಬೋರಿತ್ತು. ಕೇರಿಯವರಿಗೆ ಇದ್ದದ್ದು ಒಂದು ಹಳೇ ಬಾವಿ, ಅದೂ ಬಂಕಿನ ಕಾಂಪೌಂಡಿಗೆ ಅಂಟಿಕೊಂಡಂತೆ.

ಅಂಜಿನಕ್ಕ ಆ ಕೇರಿಯವಳು. ನನ್ನಲ್ಲಿ ಪಾತ್ರೆ ತಿಕ್ಕುವುದು, ಹಿಟ್ಟು ಕಲಸುವುದು, ಬೆಂಚು ಒರೆಸುವುದು ಎಲ್ಲ ಅವಳದೇ. ಅವಳ ಗಂಡ ಗಾದೆಪ್ಪ ಲಾರಿಗೆ ಕಲ್ಲು ಹೇರುವ ಕೆಲಸಕ್ಕೆ ಹೋಗುತ್ತಿದ್ದ. ಇಬ್ಬರಿಗೂ ಒಬ್ಬಳೇ ಮಗಳು, ಲಕ್ಷ್ಮಿದೇವಿ, ಆರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಸೀದಾ ಹೋಟೆಲ್ಲಿಗೆ ಬರುತ್ತಿದ್ದಳು. ಮಿರ್ಚಿ ಕೊಟ್ಟರೆ ಮೇಲಿನ ಹಿಟ್ಟು ತಾನು ತಿಂದು ಒಳಗಿನ ಮೆಣಸಿನಕಾಯಿ ತಾಯಿಯ ಬಾಯಿಗೆ ತುರುಕುತ್ತಿದ್ದಳು. "ಲೇ ಲಕ್ಷ್ಮೀ, ಮೆಣಸಿನಕಾಯಿ ಬ್ಯಾಡಂದ್ರ ಬರೇ ಬಜ್ಜಿ ಕೊಡ್ತೀನಲ್ಲೇ" ಎಂದರೆ, "ಬರೇ ಬಜ್ಜಿ ತಿಂದ್ರ ನಮ್ಮವ್ವಗ ಏನು ಉಳೀತೈತ್ರಿ?" ಎನ್ನುತ್ತಿದ್ದಳು. ಅಂಥ ಮಾತುಗಾರ್ತಿ.

ಈಗ ಫಿಲ್ಟರಿನ ವಿಷಯ ಹೇಳಬೇಕು. ಡ್ರೈವರುಗಳು ನೀರು ಚೆನ್ನಾಗಿಲ್ಲ ಎಂದು ಗೊಣಗುತ್ತಿದ್ದರೆಂದು ಕೊಟ್ಟೂರಿನ ಪಾತ್ರೆ ಅಂಗಡಿಯಿಂದ ಒಂದು ಸ್ಟೀಲ್ ಫಿಲ್ಟರ್ ತಂದಿದ್ದೆ. ಅದರೊಳಗೆ ಎರಡು ಬಿಳಿ ಕ್ಯಾಂಡಲ್, ಪಿಂಗಾಣಿಯಂಥವು. ನೀರಿನ ಹೊಲಸೆಲ್ಲ ಅವುಗಳ ಮೈಗೆ ಹತ್ತಿಕೊಂಡು ಕೆಳಗೆ ಒಳ್ಳೆಯ ನೀರು ಇಳಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತಿಕ್ಕಿ, ಕುದಿಯುವ ನೀರಿನಲ್ಲಿ ಹಾಕಿ, ಬಿಸಿಲಿಗಿಡಬೇಕು. ಇಲ್ಲದಿದ್ದರೆ ಕಟ್ಟಿಕೊಂಡು ಹನಿಯೂ ಇಳಿಯುವುದಿಲ್ಲ. ಅಂಗಡಿಯವನು ನನಗೆ ಹೇಳಿದ್ದನ್ನು ನಾನು ಅಂಜಿನಕ್ಕನಿಗೆ ಒಂದು ಸಲ ಹೇಳಿದೆ. ಆಮೇಲೆ ಪ್ರತಿ ಶುಕ್ರವಾರ ಅದು ಅವಳ ಕೆಲಸ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ, ಕೂಸಿಗೆ ಎರೆಯುವಾಗ ಕಿವಿ ಹಿಂದೆ ತಿಕ್ಕುತ್ತಾರಲ್ಲ, ಅಷ್ಟು ಮೆತ್ತಗೆ ತಿಕ್ಕುತ್ತಿದ್ದಳು.

ಬಾವಿ ನೀರಿಗೆ ವಾಸನೆ ಹತ್ತಿ ಎಷ್ಟೋ ದಿನವಾಗಿತ್ತು. ಮಳೆ ಬಂದರೆ ಜಾಸ್ತಿ, ಬೇಸಿಗೆಗೆ ಕಡಿಮೆ. ಪೆಟ್ರೋಲೋ ಸೀಮೆಎಣ್ಣೆಯೋ, ಕೊಡ ಎತ್ತಿ ಮೂಗಿನ ಹತ್ತಿರ ತಂದರೆ ತಲೆ ಗಿಮ್ಮೆನ್ನುತ್ತಿತ್ತು. ಸಾಹುಕಾರನನ್ನು ಕೇಳಿದರೆ, "ಲಾರಿ ಹುಡುಗ್ರು ಅಲ್ಲೇ ಎಣ್ಣಿ ಕೈ ತೊಳೀತಾರ, ನಾನೇನ್ ಮಾಡ್ಲಿ" ಎಂದು ಕೈ ಝಾಡಿಸಿದ. ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ಆಗ ಸುಡು ಬೇಸಿಗೆ. ಅದರಲ್ಲಿ ಏನೂ ಇಲ್ಲವೆಂದು ಬಂತು. ಕೇರಿಯವರು ಬಟ್ಟೆಯಲ್ಲಿ ಸೋಸಿ ಕುಡಿದರು. ಮತ್ತೇನು ಮಾಡುತ್ತಾರೆ?

ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಲಕ್ಷ್ಮಿದೇವಿಯ ಮುಖ ಬೆಳ್ಳಗಾಗತೊಡಗಿತು. ಎಲ್ಲೂ ಬೀಳದೆ ಮೊಣಕಾಲು, ತೋಳು ನೀಲಿಗಟ್ಟುತ್ತಿದ್ದವು. ಮೂಗಿನಲ್ಲಿ ರಕ್ತ ಬಂದರೆ ನಿಲ್ಲುತ್ತಿರಲಿಲ್ಲ. ಗಾದೆಪ್ಪ ಒಬ್ಬನೇ ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಮೈಯಲ್ಲಿ ರಕ್ತವೇ ಹುಟ್ಟುತ್ತಿಲ್ಲ ಎಂದರಂತೆ. ಒಳ್ಳೆಯ ಮನುಷ್ಯ, ಔಷಧಿ ಬರೆದು ಕೈ ತೊಳೆದುಕೊಳ್ಳಲಿಲ್ಲ. ಏನು ತಿನ್ನುತ್ತೀರಿ, ಎಲ್ಲಿಯ ನೀರು ಕುಡಿಯುತ್ತೀರಿ ಎಂದು ಕೂಡಿಸಿಕೊಂಡು ಕೇಳಿದರು. ಗಾದೆಪ್ಪ ವಾಸನೆಯ ಮಾತು ಹೇಳಿದ. ಅದರಿಂದಲೇ ಎಂದು ಹೇಳಲಾರೆ, ಆದರೆ ಇರಬಹುದು, ಇವತ್ತಿನಿಂದ ಆ ನೀರು ಮುಟ್ಟಿಸಬೇಡಿ, ಔಷಧಿ ತಪ್ಪಿಸಬೇಡಿ, ಹುಡುಗಿ ಸುಧಾರಿಸಿಕೊಳ್ಳಬಹುದು ಎಂದರು. ನೀರು ಪರೀಕ್ಷೆ ಮಾಡುವ ತಮ್ಮ ಪರಿಚಯದವರಿಗೂ ಸುದ್ದಿ ಮುಟ್ಟಿಸಿದರು.

ಅಂದಿನಿಂದ ಅಂಜಿನಕ್ಕ ದಿನಾ ಕೆಲಸ ಮುಗಿಸಿ ಹೋಗುವಾಗ ನನ್ನ ಬೋರಿನಿಂದ ಮಗಳಿಗೆಂದು ಒಂದು ಕೊಡ ತುಂಬಿಕೊಂಡು ರಸ್ತೆ ದಾಟುತ್ತಿದ್ದಳು. ಒಂದು ಕೊಡ ನೀರಿಗೆ ಅವಳು ಪಡುತ್ತಿದ್ದ ಸಂಕೋಚ ನೋಡಿದರೆ ನನಗೇ ನಾಚಿಕೆ ಬರುತ್ತಿತ್ತು. ಎರಡು ಕೊಡ ಒಯ್ಯಿ ಎಂದರೆ, "ಬ್ಯಾಡ್ರಿ ಅಮ್ಮಾರ, ಇದು ಆಕೀಗೆ ಅಷ್ಟ. ನಮಗ ರೂಢಿ ಆಗೈತಿ" ಎನ್ನುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಆ ಹುಡುಗ ಬಂದ. ಪ್ರವೀಣಕುಮಾರ್ ಅಂತ, ಹರಪನಹಳ್ಳಿ ಕಡೆಯವನು, ಬೆಂಗಳೂರಿನಲ್ಲಿ ನೀರಿನ ವಿಷಯವಾಗಿಯೇ ದೊಡ್ಡ ಓದು ಓದುತ್ತಿದ್ದ. ಚೀಲದಿಂದ ಒಂದು ಬಿಳಿ ನಳಿಕೆ ತೆಗೆದ. ಪಿಂಗಾಣಿಯದು, ಬೆರಳಿಗಿಂತ ಸ್ವಲ್ಪ ದಪ್ಪ, ಎರಡೂ ತುದಿಗೆ ಬಿರಡೆ. ಅದನ್ನು ತಂತಿಗೆ ಕಟ್ಟಿ, ಬಾವಿಯ ತಳದಲ್ಲಿ ಸೆಲೆ ಬರುವ ಕಡೆಗೆ ಇಳಿಬಿಟ್ಟ. ನಾವೆಲ್ಲ ಬಾವಿ ಕಟ್ಟೆಯ ಸುತ್ತ ನಿಂತಿದ್ದೆವು. ನಾನೂ ಒಲೆ ಬಿಟ್ಟು ಹೋಗಿದ್ದೆ.

"ಇದಕ್ಕೆ ಡೋಸಿಮೀಟರ್ ಅಂತಾರೆ" ಎಂದ. "ನಾಲ್ಕು ತಿಂಗಳು ಹಿಂಗೇ ನೀರಾಗಿರ್ಬೇಕು. ಬಾಟ್ಲಿ ಆದ್ರೆ ಒಂದು ದಿನದ ಸುದ್ದಿ ಹೇಳ್ತೈತೆ. ಇದು ಹಂಗಲ್ಲ. ಮಳೆ ಬರ್ಲಿ, ಬಿಸಿಲಿರ್ಲಿ, ನೀರಾಗೆ ಏನು ಕೆಟ್ಟದ್ದು ಐತೋ ಅದನ್ನ ದಿನಾ ಇಷ್ಟಿಷ್ಟೇ ಹೀರ್ಕೊಂತ ಇರ್ತೈತೆ. ಇದ್ರಾಗೆ ವಿಷ ಸಿಕ್ತು ಅಂದ್ರೆ ಬಂಕಿನ ಟ್ಯಾಂಕ್ ಅಗಿಸಿ ನೋಡ್ಬೇಕಾಗ್ತೈತೆ, ನಿಮಗೆ ಬ್ಯಾರೆ ನೀರಿನ ಲೈನೂ ಬರ್ತೈತೆ."

ಕಡೆಯ ಮಾತು ಎಲ್ಲರಿಗೂ ಕೇಳಿಸಿತು. ಲೈನು ಯಾರಿಗೆ ಬೇಡ? ಆದರೆ ಅಂಜಿನಕ್ಕನ ಕಿವಿಯಲ್ಲಿ ನಿಂತದ್ದು ನಡುವಿನ ಮಾತು. ಕೆಟ್ಟದ್ದನ್ನು ಹೀರಿಕೊಳ್ಳುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಕೇಳಿಸಿತು. ನೋಡಲಿಕ್ಕೆ ನಮ್ಮ ಫಿಲ್ಟರಿನ ಕ್ಯಾಂಡಲಿನ ತಂಗಿಯಂತಿದೆ. ಅದೇ ಬಿಳುಪು, ಅದೇ ಪಿಂಗಾಣಿ. ಮೇಲೆ ಹೆಸರು ಬೇರೆ ಡೋಸು. ನಮ್ಮ ಕಡೆ ಡೋಸ್ ಎಂದರೆ ಪೋಲಿಯೋ ಬರದಂತೆ ಕೂಸಿನ ಬಾಯಿಗೆ ಬಿಡುವ ಹನಿ. ಸಂಜೆಯೊಳಗೆ ಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಬಾವಿಗೆ ಡೋಸ್ ಹಾಕ್ಯಾರಂತ.

ಹುಡುಗ ಹೊರಡುವಾಗ ಅಂಜಿನಕ್ಕನಿಗೆ, "ಅಕ್ಕಾ, ನಿಮ್ಮನೆ ಬಾವಿಗೆ ಹತ್ರ ಐತೆ. ಹುಡುಗ್ರು ಕಲ್ಲು ಗಿಲ್ಲು ಹೊಡೀದಂಗೆ ಜೋಪಾನ ಮಾಡ್ರಿ" ಎಂದ.

"ನನ್ನ ಮಗಳಂಗ ಜೋಪಾನ ಮಾಡ್ತೀನ್ರಿ" ಎಂದಳು ಇವಳು.

ಅವನು ಬಸ್ಸು ಹತ್ತಿದವನು ನಾಲ್ಕು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ನಡುವೆ ಒಂದು ಸಲ ಬಂದು, ಒಂದು ಲೋಟ ಚಹಾ ಕುಡಿದು ಹೋಗಿದ್ದರೆ ಏನಾಗುತ್ತಿತ್ತು ಅವನಿಗೆ? ನೆನೆದರೆ ಈಗಲೂ ಮೈ ಉರಿಯುತ್ತದೆ.

ಸ್ವಲ್ಪ ದಿನಕ್ಕೆ ಅಂಜಿನಕ್ಕ ನನ್ನಲ್ಲಿ ನೀರು ತುಂಬಿಕೊಳ್ಳುವುದು ಬಿಟ್ಟಳು. ಏಕೆಂದು ಕೇಳಿದೆ.

"ನಮ್ಮ ಬಾವೀಗೇ ಡೋಸ್ ಹಾಕ್ಯಾರಲ್ರಿ. ವಾಸನಿನೂ ಕಡಿಮಿ ಆಗೈತಿ. ಇನ್ನ ನಿಮಗ್ಯಾಕ ತ್ರಾಸು?"

"ನನಗೇನ್ ತ್ರಾಸು? ನೀರೇನು ನಾನು ಹೊತ್ತು ತರ್ತೀನೇನು? ಒಯ್ಯಬಾರ್ದಾ" ಎಂದು ರೇಗಿದೆ.

"ನಿಮ್ಮ ಋಣ ಬಾಳಾತ್ರಿ" ಎಂದು ನಕ್ಕಳು.

ವಾಸನೆ ಕಡಿಮೆಯಾದದ್ದು ನಿಜ. ಮಳೆ ನಿಂತಿತ್ತು, ಪ್ರತಿ ವರ್ಷವೂ ಚಳಿಗಾಲಕ್ಕೆ ಕಡಿಮೆಯಾಗುತ್ತಿತ್ತು. ಅದು ಯಾರಿಗೂ ನೆನಪಾಗಲಿಲ್ಲ. ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ಲಕ್ಷ್ಮಿದೇವಿಗೆ ಬಾಟಲಿ ರಕ್ತ ಏರಿಸಿದರು. ಮುಖಕ್ಕೆ ಕೆಂಪು ಬಂತು. ಹೋಟೆಲ್ಲಿಗೆ ಬಂದು ಬೆಂಚಿನ ಮೇಲೆ ಕೂತು ಮಿರ್ಚಿ ಕೇಳಿದಳು. ಆ ದಿನ ಅಂಜಿನಕ್ಕ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಡೋಸ್ ಹಿಡೀತು ಅಮ್ಮಾರ" ಎಂದಳು. ನನಗೂ ಸಂತೋಷವಾಯಿತು, ಎರಡು ಮಿರ್ಚಿ ಜಾಸ್ತಿ ಹಾಕಿದೆ.

ಹೋಳಿ ಹುಣ್ಣಿಮೆ ಆದ ಮೇಲೆ ಪ್ರವೀಣಕುಮಾರ್ ಬಂದು ನಳಿಕೆ ಎತ್ತಿಕೊಂಡು ಹೋದ. ಯುಗಾದಿಯ ಹಿಂದೆಯೇ ಮತ್ತೆ ಬಂದ. ಬೆಂಚಿನ ಮೇಲೆ ಕೂತ. ಕೇರಿಯ ಐದಾರು ಮಂದಿ, ಗಾದೆಪ್ಪ, ಬಂಕಿನ ಸಾಹುಕಾರ, ಎಲ್ಲ ಸೇರಿದರು.

"ಏನೂ ಸಿಗ್ಲಿಲ್ಲವ್ವಾ" ಎಂದ ನನ್ನ ಮುಖ ನೋಡಿ. "ಹೇಳ್ಕೊಳ್ಳೋ ಅಂಥಾದ್ದು ಏನೂ ಇಲ್ಲ."

ಸಾಹುಕಾರ ತೊಡೆ ತಟ್ಟಿಕೊಂಡ. "ನಾ ಮೊದ್ಲೇ ಹೇಳಿದ್ನಿಲ್ಲ? ಅಮ್ಮಾರ, ಎಲ್ರಿಗೂ ಒಂದೊಂದು ಪ್ಲೇಟ್ ಮಿರ್ಚಿ ಕೊಡ್ರಿ, ನನ್ನ ಲೆಕ್ಕದಾಗ."

"ನಿನ್ನ ಮಿರ್ಚಿ ನಿನ್ನ ಬಂಕಿನಾಗ ಕರ್ಕೋ ಹೋಗು" ಎಂದೆ. ಅವನು ಎದ್ದು ಹೋದ.

ಕೇರಿಯವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಲೈನು ಬರದಿದ್ದರೆ ಹೋಗಲಿ, ನೀರು ಸ್ವಚ್ಛವಾಯಿತಲ್ಲ ಎಂದುಕೊಂಡರು. ಹುಡುಗ ಮಾತ್ರ ತಲೆ ಹಿಡಿದುಕೊಂಡು ಕೂತಿದ್ದ. "ಈಗ್ಲೂ ಕೊಡ ಎತ್ತಿದ್ರೆ ಸಣ್ಣಗೆ ಮೂಗಿಗೆ ಬಡೀತೈತೆ. ಮೂಗಿಗೆ ಸಿಕ್ಕಿದ್ದು ಇದಕ್ಕೆ ಹೆಂಗೆ ಸಿಗಲಿಲ್ಲ?"

ಒಳಗೆ ಪಾತ್ರೆ ತಿಕ್ಕುತ್ತಿದ್ದ ಅಂಜಿನಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹೆಂಗ ಸಿಗತೈತ್ರಿ ಸರ? ಶುಕ್ರವಾರಕ್ಕೊಮ್ಮಿ ತೊಳ್ದೀನಲ್ರಿ ನಾನು. ನಮ್ಮ ಮನಿಯವ್ರು ತಂತಿ ಎಳದು ಕೊಡ್ತಿದ್ರು. ಬ್ರಷ್ಷಿಲೆ ತಿಕ್ಕಿ, ಕುದಿಯೋ ನೀರಾಗ ಹಾಕಿ, ಬಿಸಿಲಿಗಿಟ್ಟು, ಮತ್ತ ಬಿಡ್ತಿದ್ವಿ. ಒಂದು ವಾರನೂ ತಪ್ಪಿಸಿಲ್ರಿ. ನೀವು ಜೋಪಾನ ಮಾಡು ಅಂದಿದ್ರಲ್ಲ."

ಪ್ರವೀಣಕುಮಾರ್ ತಲೆಯೆತ್ತಿ ಅವಳನ್ನೇ ನೋಡಿದ. ನನಗೆ ಅರ್ಥವಾಗಲಿಲ್ಲ. ಅವನು ಗದರಲಿಲ್ಲ, ಅದೊಂದು ಪುಣ್ಯ. ಚೀಲದಿಂದ ಇನ್ನೊಂದು ನಳಿಕೆ ತೆಗೆದು ಬೆಂಚಿನ ಮೇಲಿಟ್ಟ. ಇದನ್ನು ತನ್ನ ಮೇಷ್ಟರನ್ನು ಕೇಳದೆಯೇ ಬಾವಿಗೆ ಬಿಟ್ಟು ಹೋಗುತ್ತೇನೆ ಎಂದ.

"ಎಲ್ಲಾರೂ ಕೇಳ್ರಿ. ಇದ್ರೊಳಗೆ ಸಣ್ಣ ಸಣ್ಣ ಕಾಳು ತುಂಬೈತೆ. ನೀರಿನ ವಿಷ ಈ ಪಿಂಗಾಣಿ ದಾಟಿ ಒಳಗೆ ಹೋಗಿ ಆ ಕಾಳಿಗೆ ಅಂಟ್ಕೊಂತೈತೆ. ನಾವು ಆಮೇಲೆ ಅದನ್ನ ಬಿಡಿಸಿ ಅಳತೆ ಮಾಡ್ತೀವಿ. ಅದಕ್ಕೇ ಇದನ್ನ ಮುಟ್ಟಂಗಿಲ್ಲ. ಕುದಿಸಿದ್ರೆ, ಬಿಸಿಲಿಗಿಟ್ರೆ, ಹಿಡಿದಿದ್ದೆಲ್ಲಾ ಗಾಳಿಗೆ ಹೋಗಿಬಿಡ್ತೈತೆ."

ಅಂಜಿನಕ್ಕ ಕೇಳಿದಳು, "ಹಂಗಾರ ಅದು ನೀರು ಚೊಲೋ ಮಾಡಂಗಿಲ್ಲೇನ್ರಿ?"

"ಇಲ್ಲಕ್ಕಾ. ಬಾವಿ ತುಂಬ ನೀರು, ಇದು ಇಷ್ಟೇ ಇಷ್ಟು. ಇದು ಬರೀ ಅಳತೆ."

"ಬರೀ ಅಳತಿ" ಎಂದಳು ಅವಳು ಮೆಲ್ಲಗೆ.

ಆಮೇಲೆ ನಿಂತವಳು ನಿಂತಂತೆಯೇ ಓಡಿದಳು. ಹೈವೇಯ ಆಕಡೆ ಈಕಡೆ ನೋಡಲಿಲ್ಲ. ಲಾರಿಯೊಂದು ಕಿರ್ರನೆ ಬ್ರೇಕ್ ಹಾಕಿತು, ಡ್ರೈವರ್ ಬೈದ. ನಾನು ಹಿಂದೆಯೇ ಹೋದೆ. ನಾನು ಹೋಗುವಷ್ಟರಲ್ಲಿ ಅವಳು ಮನೆಯೊಳಗೆ ಮಗಳ ತಲೆದೆಸೆಯಲ್ಲಿದ್ದ ಕೊಡವನ್ನು ಬೋರಲು ಹಾಕಿದ್ದಳು. ನೆಲವೆಲ್ಲ ನೀರು. ಎರಡು ದಿನದಿಂದ ಮತ್ತೆ ಸುಸ್ತೆಂದು ಮಲಗಿದ್ದ ಲಕ್ಷ್ಮಿದೇವಿ ಕೌದಿಯ ಮೇಲೆ ಎದ್ದು ಕೂತು, "ಯವ್ವಾ, ಯಾಕ ಚೆಲ್ಲಿದಿ? ನನಗ ನೀರಡಿಕಿ ಆಗೈತಿ" ಎಂದಳು. ನಾನೇ ವಾಪಸು ಬಂದು ನನ್ನ ಬೋರಿನ ನೀರು ಒಯ್ದು ಕೊಟ್ಟೆ. ಎರಡು ಕೊಡ ಒಯ್ದೆ.

ಆಮೇಲೆ ಅಂಜಿನಕ್ಕ ಯಾವ ಸಂಕೋಚವೂ ಇಲ್ಲದೆ ದಿನಾ ಬಂದು ತುಂಬಿಕೊಂಡು ಹೋದಳು. ಬಾವಿಯ ಬಳಿ ಒಂದು ಗೋಣಿ ಹಾಸಿಕೊಂಡು, ಬಿಡುವಿದ್ದಾಗೆಲ್ಲ ಆ ಎರಡನೇ ನಳಿಕೆಯ ತಂತಿ ಕಾಯುತ್ತ ಕೂತಿರುತ್ತಿದ್ದಳು. ಯಾರನ್ನೂ ಅದರ ಹತ್ತಿರ ಬಿಡುತ್ತಿರಲಿಲ್ಲ, ತಾನೂ ಕೈ ಚಾಚುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಮತ್ತೆರಡು ಸಲ ರಕ್ತ ಏರಿಸಿದರು. ಈ ಸಲ ಕೆಂಪು ನಾಲ್ಕು ದಿನವೂ ನಿಲ್ಲಲಿಲ್ಲ. ಕಾರಹುಣ್ಣಿಮೆ ಮುಂದಿತ್ತು, ಮೊದಲ ಮಳೆ ಬಿದ್ದಿತ್ತು. ಒಂದು ಮಧ್ಯಾಹ್ನ ಲಕ್ಷ್ಮಿದೇವಿ ಹೋದಳು. ಕೊನೆಯ ವಾರ ನಾನು ಮಿರ್ಚಿ ಒಯ್ದಿದ್ದೆ. ತಿನ್ನಲಾಗಲಿಲ್ಲ ಅವಳಿಗೆ. ಮೆಣಸಿನಕಾಯಿ ಬಿಡಿಸಿ ತಾಯಿಯ ಕೈಯಲ್ಲಿಟ್ಟಳು. ಇದನ್ನು ಹೇಳಬಾರದೆಂದು ಮಾಡಿದ್ದೆ, ಬಾಯಿಗೆ ಬಂದುಬಿಟ್ಟಿತು.

ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ಅಂಜಿನಕ್ಕ ಬಾವಿ ಕಟ್ಟೆಯ ಮೇಲೆ ಕೂತಿದ್ದಳು. ಮನೆಗೆ ನಡಿ ಎಂದು ಗಾದೆಪ್ಪ ಕರೆದರೆ, "ನಾಕು ತಿಂಗಳು ಆಗ್ಲಿ ತಡಿ" ಎಂದಳು.

ನಾಲ್ಕು ತಿಂಗಳಾಯಿತು. ಪ್ರವೀಣಕುಮಾರ್ ನಳಿಕೆ ಒಯ್ದ. ಗಣೇಶನ ಹಬ್ಬದ ಹೊತ್ತಿಗೆ ಸುದ್ದಿ ಬಂತು. ಕುಡಿಯುವ ನೀರಿನಲ್ಲಿ ಇರಬಾರದ ವಿಷ ಅದರಲ್ಲಿ ಬೇಕಾದಷ್ಟಿತ್ತು. ಬಂಕು ಅಗೆಸಿದರು. ಟ್ಯಾಂಕಿನ ತಳ ತುಕ್ಕು ಹಿಡಿದು ಜರಡಿಯಾಗಿತ್ತಂತೆ. ಸಾಹುಕಾರ ಹೊಸ ಟ್ಯಾಂಕು ಹೂಳಿಸಿ ಮೊದಲಿನಂತೆ ಕೂತ. ಅವನಿಗೆ ಏನೂ ಆಗಲಿಲ್ಲ. ಬಾವಿಗೆ ಮುಳ್ಳು ಮುಚ್ಚಿದರು. ಕೇರಿಗೆ ಲೈನು ಬಂತು. ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಕೊಡ ನೀನೇ ಹಿಡಿ ಎಂದು ಕೇರಿಯ ಹೆಂಗಸರು ಅಂಜಿನಕ್ಕನನ್ನು ಕರೆದರು. ಅವಳು ಬರಲಿಲ್ಲ. ಅವಳು ನನ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

ಕೆಲಸಕ್ಕೆ ಮರಳಿ ಬಂದಿದ್ದಳು, ಎಲ್ಲ ಮಾಡುತ್ತಿದ್ದಳು, ಫಿಲ್ಟರ್ ಒಂದನ್ನು ಮುಟ್ಟುತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಕ್ಯಾಂಡಲ್ ಕಟ್ಟಿಕೊಂಡು, ನೀರು ಹನಿಹನಿಯಾಗಿ, ಕೊನೆಗೆ ನಿಂತೇ ಹೋಯಿತು. ಗಿರಾಕಿಗಳು ಖಾಲಿ ಲೋಟ ತೋರಿಸಿದಾಗ ನಾನೇ ಒಂದು ಶುಕ್ರವಾರ ಬಿಚ್ಚಿಕೊಂಡು ಹಿತ್ತಲಲ್ಲಿ ಕೂತೆ. ನನ್ನ ಕೈ ಒರಟು. ಗರಗರ ತಿಕ್ಕುತ್ತಿದ್ದೆ.

ಅವಳು ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು.

"ಹಂಗ ತಿಕ್ಕಬಾರ್ದ್ರಿ ಅಮ್ಮಾರ. ಸವೀತೈತಿ. ಕೊಡ್ರಿಲ್ಲಿ."

ನನ್ನ ಕೈಯಿಂದ ತೆಗೆದುಕೊಂಡು ಮೊದಲಿನಂತೆಯೇ ಮೆತ್ತಗೆ ತಿಕ್ಕಿದಳು. ಒಲೆಯ ಮೇಲೆ ನೀರಿಟ್ಟು ಅದರಲ್ಲಿ ಇಳಿಬಿಟ್ಟಳು. ನೀರು ಮರಳುವುದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದಳು.

"ನಾ ತೊಳೀದಿದ್ರ ಆವಾಗ್ಲೇ ಗೊತ್ತಾಗ್ತಿತ್ತು. ಆ ನೀರು ಕುಡಿಸದಿದ್ರ ಆಕಿ ಉಳೀತಿದ್ಲು. ಹೌದಲ್ರಿ?"

ಲಾರಿ ಕೆಲಸವಿಲ್ಲದ ದಿನ, ಗಾದೆಪ್ಪ ಅಲ್ಲೇ ನನಗೆ ಸೌದೆ ಒಡೆಯುತ್ತಿದ್ದ. ಕೊಡಲಿ ಎತ್ತಿದವನು ಹಾಗೆಯೇ ನಿಂತ.

"ಇಲ್ಲವ್ವ. ಬಳ್ಳಾರಿ ಡಾಕ್ಟ್ರು ಮೊದಲನೇ ದಿನಾನೇ ಆಸೆ ಇಲ್ಲ ಅಂದಿದ್ರು. ನಿನಗ ಹೇಳಬ್ಯಾಡಂತ ಇವನಿಗೆ ಹೇಳಿ ಕಳಿಸಿದ್ರು" ಎಂದೆ. "ಹೌದಿಲ್ಲೋ ಗಾದೆಪ್ಪ?"

ಡಾಕ್ಟರು ಹಾಗೆ ಹೇಳಿರಲಿಲ್ಲ. ಹುಡುಗಿ ಸುಧಾರಿಸಿಕೊಳ್ಳಬಹುದು ಎಂದಿದ್ದರು. ಅದನ್ನು ಕಿವಿಯಾರೆ ಕೇಳಿ ಬಂದು ನನಗೆ ಹೇಳಿದವನೇ ಅವನು.

"ಹೌದು" ಎಂದ ಗಾದೆಪ್ಪ. ಕೊಡಲಿ ಕೆಳಗಿಟ್ಟ. "ಅಂದಿದ್ರು."

ಅಂಜಿನಕ್ಕ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಗಾದೆಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅವಳು ಅವನ ಜೊತೆ ಅಷ್ಟು ವರ್ಷ ಬಾಳಿದವಳು.

"ಆತು ಬಿಡ್ರಿ" ಎಂದಳು.

ಚಿಮಟದಿಂದ ಕ್ಯಾಂಡಲುಗಳನ್ನು ಎತ್ತಿ, ಒಗೆದ ಬಟ್ಟೆ ಹಾಸಿ ಬಿಸಿಲಿಗಿಟ್ಟಳು. ಅವು ಒಣಗುವವರೆಗೆ ತಾನೂ ಅಲ್ಲೇ ಬಿಸಿಲಿನಲ್ಲಿ ಕೂತಿದ್ದಳು. ಹೋಟೆಲ್ಲಿನಲ್ಲಿ ಕೆಲಸ ಬಹಳವಿತ್ತು. ನಾನು ಕರೆಯಲಿಲ್ಲ.